ಖಾಲಿಯಾಗದ ಡೀಸೆಲ್ ಟ್ಯಾಂಕು

ಜನರೇಟರ್ ಹೊಸದು ಬಂದರೂ ಹಳೆಯದರ ಡೀಸೆಲ್ ಟ್ಯಾಂಕು ಮನೆ ಬಿಟ್ಟು ಹೋಗುವುದಿಲ್ಲ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಶೆಡ್ಡಿನ ಹಿಂದೆ, ದೇವನಹಳ್ಳಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಪಂಪ್‌ಮನೆಯ ಗೋಡೆಗೆ ಒರಗಿ, ಹೊಸಕೋಟೆಯ ಕೋಳಿ ಫಾರಂನ ಮೂಲೆಯಲ್ಲಿ, ನೆಲಮಂಗಲದ ಕಲ್ಯಾಣಮಂಟಪದ ಹಿತ್ತಲಲ್ಲಿ ಅದು ಉಳಿದುಕೊಳ್ಳುತ್ತದೆ. ಟ್ರ್ಯಾಕ್ಟರಿನಿಂದ ಬಿಚ್ಚಿಟ್ಟ ಟ್ಯಾಂಕಿನದೂ ಅದೇ ಕಥೆ, ಡೀಸೆಲ್ ತುಂಬಿ ತಂದ 200 ಲೀಟರಿನ ಪೀಪಾಯಿಯದೂ ಅದೇ. ದಪ್ಪ ತಗಡು, ಬಿಗಿಯಾದ ಮುಚ್ಚಳ; ನೋಡಿದರೆ ಇನ್ನೂ ಹತ್ತು ವರ್ಷ ಬಾಳುವ ಹಾಗೆ ಕಾಣುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ. ತೂತು ಬಿದ್ದ ಕಡೆ ವೆಲ್ಡಿಂಗ್ ಮಾಡಿಸಿ ಮತ್ತೆ ಡೀಸೆಲ್‌ಗೇ ಇಟ್ಟುಕೊಳ್ಳೋಣ ಎಂದು ಒಬ್ಬರು ಹೇಳುತ್ತಾರೆ. ತೊಳೆದರೆ ನೀರಿಗಾಗುತ್ತದೆ, ತೋಟದ ಔಷಧಿ ಕಲಸಲು ಆಗುತ್ತದೆ, ಅಡ್ಡಕ್ಕೆ ಕತ್ತರಿಸಿದರೆ ದನಗಳ ಬಾನಿಯೋ ನೀರೊಲೆಯೋ ಆಗುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಇವೆರಡೂ ಆಗದಿದ್ದರೆ ಗುಜರಿ ಇದ್ದೇ ಇದೆ.

ಇದರಲ್ಲಿ ಯಾವುದು ಸರಿ ಎಂಬುದನ್ನು ನಾವು ಸಾಮಾನ್ಯವಾಗಿ ಹೊರಗಿನ ತಗಡು ನೋಡಿ ತೀರ್ಮಾನಿಸುತ್ತೇವೆ. ಆದರೆ ನೋಡಬೇಕಾದದ್ದು ಒಳಗೆ ಇಷ್ಟು ವರ್ಷ ಏನಿತ್ತು ಎಂಬುದನ್ನು. ನಮ್ಮ ಅಡುಗೆಮನೆಗಳಿಗೆ ಈ ವಿವೇಕ ಹಿಂದಿನಿಂದಲೂ ಇದೆ. ಉಪ್ಪಿನಕಾಯಿಯ ಜಾಡಿಯಲ್ಲಿ ಯಾರೂ ಹಾಲು ಇಡುವುದಿಲ್ಲ, ಎಣ್ಣೆ ಕುಡಿದ ಗಡಿಗೆಯಲ್ಲಿ ಮೊಸರಿಗೆ ಹೆಪ್ಪು ಹಾಕುವುದಿಲ್ಲ. ಎಷ್ಟೇ ತೊಳೆದರೂ ಪಾತ್ರೆಗೆ ತನ್ನಲ್ಲಿದ್ದುದರ ನೆನಪು ಉಳಿದಿರುತ್ತದೆ ಎಂದು ಗೊತ್ತಿರುವುದರಿಂದಲೇ ಎಣ್ಣೆಯ ಪಾತ್ರೆಯನ್ನು ಎಣ್ಣೆಗೇ ಮೀಸಲಿಡುತ್ತೇವೆ. ಡೀಸೆಲ್ ಟ್ಯಾಂಕಿನ ವಿಷಯದಲ್ಲಿ ನನ್ನ ವಾದವೂ ಇಷ್ಟೇ. ಹಳೆಯ ಇಂಧನ ಟ್ಯಾಂಕನ್ನು ಮತ್ತೆ ಬಳಸುವುದಾದರೆ ಅದೇ ಇಂಧನಕ್ಕೆ ಬಳಸಬೇಕು, ಅದೂ ಬೆಂಕಿ ಸೋಕಿಸದೆ ಸರಿಮಾಡಲು ಆಗುವಂತಿದ್ದರೆ ಮಾತ್ರ. ಆ ಕೆಲಸಕ್ಕೆ ಅದು ಯೋಗ್ಯವಲ್ಲ ಎಂದಾದರೆ ನಮ್ಮ ಹಿತ್ತಲಿನ ಬೇರೆ ಯಾವ ಕೆಲಸಕ್ಕೂ ಯೋಗ್ಯವಲ್ಲ. ಅದರ ಕಬ್ಬಿಣ ಮಾತ್ರ ಕರಗಿ ಮತ್ತೆ ಕಬ್ಬಿಣವಾಗಬಹುದು.

ಮೊದಲು ಟ್ಯಾಂಕು ಹೇಗೆ ಹಳತಾಗುತ್ತದೆ ಎಂದು ನೋಡಬೇಕು. ಹೆಚ್ಚು ದುಡಿದ ಟ್ಯಾಂಕು ಬೇಗ ಕೆಡುತ್ತದೆ ಎಂದು ಅನ್ನಿಸುವುದು ಸಹಜ. ನಡೆಯುವುದು ತಿರುವುಮುರುವು. ದಿನವೂ ಓಡುವ ಲಾರಿಯ ಟ್ಯಾಂಕಿನಲ್ಲಿ ಡೀಸೆಲ್ ನಿಲ್ಲುವುದೇ ಇಲ್ಲ, ಬಂದದ್ದು ಹೋಗುತ್ತಿರುತ್ತದೆ. ಕರೆಂಟ್ ಹೋದಾಗ ಮಾತ್ರ ಏಳುವ ಜನರೇಟರಿನ ಟ್ಯಾಂಕಿನಲ್ಲಿ ಅದು ತಿಂಗಳುಗಟ್ಟಲೆ ಕೂತಿರುತ್ತದೆ. ಅರ್ಧ ತುಂಬಿದ ಟ್ಯಾಂಕಿನ ಉಳಿದರ್ಧ ಗಾಳಿ. ಹಗಲು ಬಿಸಿಲಿಗೆ ಆ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾದಾಗ ಹೊರಗಿನ ತೇವದ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ಬಯಲುಸೀಮೆಯ ಚಳಿಗಾಲದಲ್ಲಿ ಬೆಳಗಿನ ಮಂಜಿಗೂ ಮಧ್ಯಾಹ್ನದ ಬಿಸಿಲಿಗೂ ಇರುವ ಅಂತರ ಸಣ್ಣದಲ್ಲ. ತಣ್ಣನೆಯ ತಗಡಿನ ಒಳಮೈಗೆ ನೀರು ಬೆವರಿನಂತೆ ಕೂಡಿಕೊಂಡು ಹನಿಹನಿಯಾಗಿ ಇಳಿಯುತ್ತದೆ. ಡೀಸೆಲ್ ನೀರಿಗಿಂತ ಹಗುರ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ ತೂಗುತ್ತದೆ. ಹಾಗಾಗಿ ಇಳಿದ ನೀರೆಲ್ಲ ತಳದಲ್ಲಿ ನಿಲ್ಲುತ್ತದೆ, ಡೀಸೆಲ್ ಅದರ ಮೇಲೆ ತೇಲುತ್ತದೆ. ಮೇಲಿನಿಂದ ಇಣುಕಿದವರಿಗೆ ಕಾಣುವುದು ಡೀಸೆಲ್ ಒಂದೇ. ಟ್ಯಾಂಕು ತುಕ್ಕು ಹಿಡಿಯಲು ಶುರುವಾಗುವುದು ಕಣ್ಣಿಗೆ ಬೀಳದ ಆ ತಳದಿಂದ.

ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಇನ್ನೊಂದು ಬದುಕು ಹುಟ್ಟುತ್ತದೆ. ಕೆಲವು ಬ್ಯಾಕ್ಟೀರಿಯಾಗಳೂ ಬೂಷ್ಟುಗಳೂ ನೀರಿನಲ್ಲಿ ನಿಂತು ಡೀಸೆಲ್ ತಿನ್ನುತ್ತವೆ. ಇವುಗಳಲ್ಲಿ ಹಾರ್ಮೊಕಾನಿಸ್ ರೆಸಿನೆ ಎಂಬ ಬೂಷ್ಟನ್ನು ಸೀಮೆಎಣ್ಣೆಯ ಬೂಷ್ಟು ಎಂದೇ ಕರೆಯುತ್ತಾರೆ. ವಿಮಾನದ ಇಂಧನವೂ ಸೀಮೆಎಣ್ಣೆಯ ಕುಲದ್ದೇ ಆದ್ದರಿಂದ ಜೆಟ್ ವಿಮಾನಗಳ ಆರಂಭದ ದಿನಗಳಲ್ಲಿ ರೆಕ್ಕೆಯೊಳಗಿನ ಟ್ಯಾಂಕುಗಳನ್ನು ಇದು ಬಹಳ ಕಾಡಿತು. 2008ರ ಮೇ ತಿಂಗಳಿಂದ ದೇವನಹಳ್ಳಿಯ ನಿಲ್ದಾಣದಿಂದ ಹಾರುತ್ತಿರುವ ವಿಮಾನಗಳಿಗೂ ಈ ಎಚ್ಚರ ಅನ್ವಯಿಸುತ್ತದೆ. ಟ್ಯಾಂಕಿನ ತಳದಿಂದ ಇಂಧನ ಬಸಿದು, ಪಾರದರ್ಶಕ ಜಾಡಿಯಲ್ಲಿ ಹಿಡಿದು, ನೀರು ಇದೆಯೇ ಎಂದು ನೋಡುವುದು ವಿಮಾನಗಳ ನಿರ್ವಹಣೆಯಲ್ಲಿ ನಿತ್ಯದ ಶಿಸ್ತು. ಅದೇ ತಾಲ್ಲೂಕಿನ ತೋಟದ ಜನರೇಟರಿಗೆ ಈ ಉಪಚಾರ ಸಿಗುವುದಿಲ್ಲ. ಈ ಜೀವಿಗಳು ಬಿಡುವ ಆಮ್ಲ ತಗಡನ್ನು ತಿನ್ನುತ್ತದೆ, ಸತ್ತ ಮೇಲೆ ಅವುಗಳ ದೇಹ ಕಪ್ಪು ಲೋಳೆಯಾಗಿ ಫಿಲ್ಟರಿಗೆ ಹೋಗಿ ಕಟ್ಟುತ್ತದೆ. ಹೊಸ ಫಿಲ್ಟರ್ ಹಾಕಿದ ಎರಡೇ ವಾರಕ್ಕೆ ಎಂಜಿನ್ ಮತ್ತೆ ಉಸಿರುಗಟ್ಟಿದರೆ ರೋಗ ಫಿಲ್ಟರಿನಲ್ಲಿಲ್ಲ, ಟ್ಯಾಂಕಿನ ತಳದಲ್ಲಿದೆ.

ಸಮುದ್ರದಿಂದ ಬಹಳ ದೂರದ ನಮ್ಮ ಜಿಲ್ಲೆಯ ಈ ಸಮಸ್ಯೆಯನ್ನು ಬಹಳವಾಗಿ ಚರ್ಚಿಸಿದವರು ಹಾಯಿದೋಣಿಯವರು ಎಂಬುದು ಮೊದಲಿಗೆ ವಿಚಿತ್ರವೆನಿಸಬಹುದು. ಹಾಯಿದೋಣಿ ಗಾಳಿಯಿಂದ ಚಲಿಸುತ್ತದೆ. ಬಂದರಿನ ಒಳಗೆ ಬರುವಾಗ, ಗಾಳಿ ಬಿದ್ದುಹೋದಾಗ ಮಾತ್ರ ಅದರ ಸಣ್ಣ ಡೀಸೆಲ್ ಎಂಜಿನ್ ಬೇಕು. ಅಂದರೆ ಅದೂ ನಮ್ಮ ಜನರೇಟರಿನ ಹಾಗೆ ವರ್ಷದ ಬಹುಪಾಲು ಮಲಗಿರುವ ಯಂತ್ರ. ಜೊತೆಗೆ ದೋಣಿಯ ಟ್ಯಾಂಕನ್ನು ಎಷ್ಟೋ ಸಲ ಮೇಲಿನ ಅಟ್ಟ ಹೊದಿಸುವ ಮೊದಲೇ ಒಳಗೆ ಕೂರಿಸಿರುತ್ತಾರೆ. ಮೂವತ್ತು ವರ್ಷದ ನಂತರ ಅದು ಸೋರತೊಡಗಿದರೆ ಹೊರತೆಗೆಯಲು ಎಂಜಿನ್ನನ್ನೇ ಎತ್ತಬೇಕು ಅಥವಾ ದೋಣಿಯನ್ನೇ ಕೊಯ್ಯಬೇಕು. ಇಂಥ ಕಡೆ ಅನುಭವಿಗಳು ಹಳೆಯ ಟ್ಯಾಂಕನ್ನು ಖಾಲಿ ಮಾಡಿ, ಸ್ವಚ್ಛಗೊಳಿಸಿ, ಅಲ್ಲೇ ಬಿಟ್ಟು, ಬೇರೆ ಜಾಗದಲ್ಲಿ ಎರಡು ಮೂರು ಸಣ್ಣ ಟ್ಯಾಂಕುಗಳನ್ನು ಇಡುತ್ತಾರೆ. ಕೆಲವರು ರಬ್ಬರಿನಂಥ ಮೆತುವಾದ ಇಂಧನ ಚೀಲ ಬಳಸುತ್ತಾರೆ. ಹಳೆಯದರ ಮೇಲೆ ಪ್ರೀತಿ ಇಲ್ಲದವರಲ್ಲ ಅವರು. ದಡ ಕಾಣದ ಕಡೆ ತಳದ ಕೆಸರು ಕಲಕಿ ಎಂಜಿನ್ ನಿಂತರೆ ಏನಾಗುತ್ತದೆಂದು ಬಲ್ಲವರು. ನಮ್ಮ ಕರಾವಳಿಯ ಮಲ್ಪೆ, ಮಂಗಳೂರಿನ ಯಾಂತ್ರಿಕ ದೋಣಿಗಳು ಋತುವಿನುದ್ದಕ್ಕೂ ಡೀಸೆಲ್ ಸುಡುತ್ತಿರುತ್ತವೆ. ಆದರೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನ, ಅದೂ ಮಳೆ ಸುರಿಯುವ ದಿನಗಳಲ್ಲಿ, ಅವುಗಳ ಟ್ಯಾಂಕುಗಳೂ ಸುಮ್ಮನೆ ಕೂರುತ್ತವೆ. ಸುಮ್ಮನೆ ಕೂತ ಡೀಸೆಲ್ ಸಮುದ್ರದ ಮೇಲೂ ದೊಡ್ಡಬಳ್ಳಾಪುರದಲ್ಲೂ ಒಂದೇ ರೀತಿ ಕೆಡುತ್ತದೆ.

ಹೊರಗಿನಿಂದ ನೋಡಿ ಒಳಗನ್ನು ತಿಳಿಯಲಾಗದು ಎಂಬುದಕ್ಕೆ ಗಟ್ಟಿಯಾದ ಸಾಕ್ಷ್ಯವಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2016ರಲ್ಲಿ ಡೀಸೆಲ್ ತುಂಬಿದ 42 ನೆಲದಡಿಯ ಟ್ಯಾಂಕುಗಳ ಒಳಭಾಗವನ್ನು ಪರೀಕ್ಷಿಸಿದ ವರದಿ ಪ್ರಕಟಿಸಿತು. ಶೇ 83ರಷ್ಟು ಟ್ಯಾಂಕುಗಳಲ್ಲಿ ಮಧ್ಯಮದಿಂದ ತೀವ್ರ ಮಟ್ಟದ ತುಕ್ಕು ಕಂಡುಬಂತು. ಅದಕ್ಕಿಂತ ಯೋಚಿಸಬೇಕಾದ ಮಾತು ಮುಂದಿನದು: ತಮ್ಮ ಟ್ಯಾಂಕಿನಲ್ಲಿ ಹೀಗಾಗಿದೆ ಎಂದು ಮೊದಲೇ ಗೊತ್ತಿದ್ದ ಮಾಲೀಕರು ಕಾಲು ಭಾಗಕ್ಕಿಂತ ಕಡಿಮೆ. ಅವರಲ್ಲಿ ಹಲವರು ಇಂಧನ ವ್ಯವಹಾರವನ್ನೇ ಮಾಡುವವರು. ವ್ಯವಹಾರ ನೇಯ್ಗೆಯದೋ ಕೋಳಿಯದೋ ಆಗಿದ್ದು, ಡೀಸೆಲ್ ಬರೀ ಅನಿವಾರ್ಯವಾಗಿರುವವರಿಗೆ ಅದು ತಿಳಿಯದಿದ್ದರೆ ದೂರಲಾಗದು.

ತಿಳಿಯುವ ದಾರಿ ಸರಳ. ಟ್ಯಾಂಕಿನ ತಳದ ಡ್ರೈನ್ ಪ್ಲಗ್ ಬಿಚ್ಚಿ ಅರ್ಧ ಲೀಟರಿನಷ್ಟನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಅಲುಗಿಸದೆ ಇಡಬೇಕು. ನೀರಿದ್ದರೆ ಕೆಳಗೆ ಬೇರೆ ಪದರವಾಗಿ ನಿಲ್ಲುತ್ತದೆ, ನಡುವೆ ಕಪ್ಪು ಲೋಳೆಯ ಎಳೆ ಕಂಡರೆ ಬೂಷ್ಟಿದೆ ಎಂದರ್ಥ, ತಳದಲ್ಲಿ ಇಟ್ಟಿಗೆ ಬಣ್ಣದ ಪುಡಿ ಕೂತರೆ ತುಕ್ಕು ಉದುರುತ್ತಿದೆ. ನೀರು, ಲೋಳೆ ಮಾತ್ರ ಇದ್ದು ತಗಡು ಗಟ್ಟಿಯಿದ್ದರೆ ಆ ಟ್ಯಾಂಕನ್ನು ಉಳಿಸಿಕೊಳ್ಳಬಹುದು. ಪೂರ್ತಿ ಬಸಿದು, ಒಳಗೆ ಕೈ ಹೋಗುವ ಬಾಯಿ ಇದ್ದರೆ ಒರೆಸಿ, ಹೊಸ ಡೀಸೆಲ್ ಸ್ವಲ್ಪ ಹಾಕಿ ಕುಲುಕಿ ಚೆಲ್ಲದೆ ಹಿಡಿದು, ಆಮೇಲೆ ಮತ್ತೆ ಡೀಸೆಲ್‌ಗೇ ಬಳಸಬಹುದು. ಹಾಗೆ ಉಳಿಸಿಕೊಳ್ಳುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಒಳ್ಳೆಯ ವಸ್ತುವನ್ನು ಬಿಸಾಡುವುದು ನಮ್ಮ ಗುಣವಲ್ಲ. ಆದರೆ ತಳದಲ್ಲಿ ತುಕ್ಕಿನ ಗುಳಿಗಳಾಗಿ, ಸ್ಕ್ರೂಡ್ರೈವರಿನ ತುದಿ ಒತ್ತಿದರೆ ತಗಡು ಒಳಗೆ ಹೋಗುವಂತಿದ್ದರೆ ಒಂದು ತೂತನ್ನು ಮುಚ್ಚಿ ಪ್ರಯೋಜನವಿಲ್ಲ, ಪಕ್ಕದಲ್ಲಿ ಇನ್ನೊಂದು ಕಾದಿರುತ್ತದೆ. ಸೋರುವ ಕಡೆ ಬಾರ್ ಸೋಪು ಉಜ್ಜುವುದು, ಕಲಸಿದ ಸೀಲ್ ಮೆತ್ತುವುದು ಸಂತೆಯ ದಿನ ಊರು ಸೇರುವ ಮಟ್ಟಿಗೆ ಸರಿ, ವರ್ಷ ಕಳೆಯುವುದಕ್ಕಲ್ಲ.

ಹೊಸ ಟ್ಯಾಂಕು ಮಾಡಿಸುವಾಗಲೂ ಒಂದು ತಪ್ಪು ಆಗುತ್ತಿರುತ್ತದೆ. ತುಕ್ಕು ಹಿಡಿಯದಿರಲಿ ಎಂದು ಜಿಐ ತಗಡಿನಲ್ಲಿ ಮಾಡಿಸುತ್ತಾರೆ. ನೀರಿನ ಟ್ಯಾಂಕಿಗೆ ಜಿಐ ಒಳ್ಳೆಯದು, ಡೀಸೆಲ್‌ಗೆ ಅಲ್ಲ. ತಗಡಿನ ಮೇಲಿನ ಸತುವಿನ ಲೇಪ ಹಳೆಯ ಡೀಸೆಲ್‌ನಲ್ಲಿ ಹುಟ್ಟುವ ಆಮ್ಲಗಳ ಜೊತೆ ಸೇರಿ ಸಾಬೂನಿನಂಥ ಪದಾರ್ಥವಾಗಿ ಫಿಲ್ಟರ್‌ಗಳನ್ನೂ ನಾಝಲ್‌ಗಳನ್ನೂ ಕಟ್ಟುತ್ತದೆ. ಸಾದಾ ಕಬ್ಬಿಣದ ತಗಡು, ಇಲ್ಲವೇ ಇಂಧನಕ್ಕೆಂದೇ ಮಾಡಿದ ಪ್ಲಾಸ್ಟಿಕ್ ಟ್ಯಾಂಕು ಸರಿ. ತಳ ಒಂದು ಕಡೆಗೆ ತುಸು ಇಳಿಜಾರಾಗಿರಬೇಕು, ಆ ತಗ್ಗಿನಲ್ಲಿ ಡ್ರೈನ್ ಪ್ಲಗ್ ಇರಬೇಕು, ಎಂಜಿನ್‌ಗೆ ಹೋಗುವ ಪೈಪು ತಳದಿಂದ ಎರಡು ಬೆರಳು ಮೇಲಿರಬೇಕು. ಇಷ್ಟಿದ್ದರೆ ನೀರನ್ನು ಆಗಾಗ ಬಸಿಯಬಹುದು. ಪೆಟ್ರೋಲ್ ಟ್ಯಾಂಕುಗಳದು ಇನ್ನೊಂದು ಕಷ್ಟ. 2023ರ ಫೆಬ್ರುವರಿ 6ರಂದು ತುಮಕೂರು ರಸ್ತೆಯ ಪ್ರದರ್ಶನ ಕೇಂದ್ರದಲ್ಲಿ, ನೆಲಮಂಗಲಕ್ಕೆ ಬಹಳ ದೂರವಲ್ಲದ ಜಾಗದಲ್ಲಿ, ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್ ದೇಶಕ್ಕೆ ಬಿಡುಗಡೆಯಾಯಿತು. ಎಥೆನಾಲ್ ನೀರನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ, ನೀರು ಹೆಚ್ಚಾದರೆ, ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಅಮೆರಿಕದಲ್ಲಿ ಶೇ 10ರ ಮಿಶ್ರಣ ಬಂದಾಗಲೇ ಕೆಲವು ಹಳೆಯ ದೋಣಿಗಳ ಫೈಬರ್‌ಗ್ಲಾಸ್ ಟ್ಯಾಂಕಿನ ರಾಳ ಕರಗಿ ಎಂಜಿನ್ನುಗಳಿಗೆ ಹೋಗಿತ್ತು. ಸ್ಪ್ರೇಯರ್ ಪಂಪಿನಲ್ಲಿ ಉಳಿದ ಪೆಟ್ರೋಲನ್ನು ಮುಂದಿನ ಹಂಗಾಮಿಗೆಂದು ಅಲ್ಲೇ ಬಿಡದಿರುವುದು ಲೇಸು.

ಈಗ ವೆಲ್ಡಿಂಗಿನ ಮಾತು. ಇಲ್ಲಿ ತಪ್ಪಾದರೆ ಹೋಗುವುದು ಜೀವ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡಬೇಕು. ಉರಿಯುವುದು ಡೀಸೆಲ್ ದ್ರವವಲ್ಲ, ಅದರ ಆವಿ. ತುಂಬಿದ ಟ್ಯಾಂಕಿನಲ್ಲಿ ಆವಿಗೆ ಜಾಗ ಕಡಿಮೆ, ಗಾಳಿಯೂ ಕಡಿಮೆ. ಖಾಲಿ ಟ್ಯಾಂಕಿನಲ್ಲಿ ಎರಡೂ ಧಾರಾಳ. ಪೆಟ್ರೋಲ್ ಆವಿ ಗಾಳಿಯಲ್ಲಿ ಶೇ 1.4ರಷ್ಟು ಬೆರೆತರೆ ಸಾಕು, ಕಿಡಿ ತಗುಲಿದರೆ ಸಿಡಿಯುತ್ತದೆ. ಲೆಕ್ಕ ಹಾಕಿ ನೋಡಿದರೆ 200 ಲೀಟರಿನ ಪೀಪಾಯಿಯೊಳಗೆ ಅಷ್ಟು ಆವಿ ಹುಟ್ಟಲು ಸುಮಾರು 15 ಮಿಲಿಲೀಟರ್ ದ್ರವ ಬೇಕು. ಅಂದರೆ ಒಂದು ದೊಡ್ಡ ಚಮಚ. ವೆಲ್ಡಿಂಗಿನ ಕಾವು ತಗುಲಿ ಆವಿಯಾದರೆ ಡೀಸೆಲ್ ಕೂಡ ಹೆಚ್ಚುಕಡಿಮೆ ಅಷ್ಟೇ ಸಾಕು. ಟ್ಯಾಂಕಿನ ಮಡಿಕೆಗಳಲ್ಲಿ, ಒಳಗಿನ ಅಡ್ಡತಗಡುಗಳ ಸಂದಿಯಲ್ಲಿ, ತುಕ್ಕಿನ ಪದರದಡಿ ಒಂದು ಚಮಚ ಡೀಸೆಲ್ ಉಳಿಯುವುದೇನೂ ಅಪರೂಪವಲ್ಲ. ಬಗ್ಗಿಸಿದರೆ ಒಂದು ಹನಿ ಬೀಳದ ಟ್ಯಾಂಕಿನಲ್ಲೂ ಅಷ್ಟಿರುತ್ತದೆ. ನಾವು ಖಾಲಿ ಎನ್ನುವ ಟ್ಯಾಂಕು ಈ ಅರ್ಥದಲ್ಲಿ ಖಾಲಿಯಾಗಿರುವುದೇ ಇಲ್ಲ.

‘ಪೆಟ್ರೋಲ್ ಅಪಾಯ, ಸರಿ, ಡೀಸೆಲ್‌ಗೆ ಕಡ್ಡಿ ಗೀರಿ ಹಾಕಿದರೂ ಹೊತ್ತುವುದಿಲ್ಲ’ ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು. ಆ ಮಾತಿನ ಹಿಂದೆ ಅನುಭವವಿದೆ, ಆದರೆ ಅರ್ಧ ಅನುಭವ. ದ್ರವದ ಮೇಲಿನ ಆವಿ ಎಷ್ಟು ಬಿಸಿಯಲ್ಲಿ ಕಿಡಿಗೆ ಹೊತ್ತಿಕೊಳ್ಳುತ್ತದೆ ಎಂಬ ಅಳತೆಗೆ ಫ್ಲ್ಯಾಶ್ ಪಾಯಿಂಟ್ ಎನ್ನುತ್ತಾರೆ. ಯುರೋಪಿನಲ್ಲಿ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್ 55 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿರಬೇಕೆಂಬ ನಿಯಮ. ನಮ್ಮ ಭಾರತೀಯ ಮಾನಕದ ಪ್ರಕಾರ ಅದು ಕನಿಷ್ಠ 35 ಡಿಗ್ರಿ ಇದ್ದರೆ ಸಾಕು. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಜಿಲ್ಲೆಯಲ್ಲಿ ನೆರಳಿನಲ್ಲೇ 35 ಡಿಗ್ರಿ ಆಸುಪಾಸು ಇರುತ್ತದೆ. ಬಿಸಿಲಿಗೆ ಇಟ್ಟ ಕಪ್ಪು ಬಣ್ಣದ ತಗಡು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ. ಹೀಗಾಗಿ ತಂಪು ದೇಶಗಳ ದೋಣಿಗಾರರು ಡೀಸೆಲ್ ಬಗ್ಗೆ ತೋರುವ ಧೈರ್ಯವನ್ನು ನಾವು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಮೇಲಾಗಿ ವೆಲ್ಡಿಂಗಿನ ಕಾವಿನ ಮುಂದೆ 35 ಆದರೇನು, 55 ಆದರೇನು. ತಗಡಿನ ಹೊರಗೆ ಇಟ್ಟ ಜ್ವಾಲೆ ಒಳಗಿನ ಕೆಸರನ್ನು ಕುದಿಸಿ ಆವಿ ಮಾಡಿಯೇ ತೀರುತ್ತದೆ.

ತೊಳೆದೇ ವೆಲ್ಡಿಂಗ್ ಮಾಡುತ್ತೇವಲ್ಲ ಎಂಬ ಉತ್ತರ ಬರುತ್ತದೆ. ಸೋಪಿನ ಪುಡಿ ಹಾಕಿ ಕುಲುಕುತ್ತಾರೆ, ಬಾಯಿ ತೆರೆದು ಎರಡು ದಿನ ಬಿಸಿಲಿಗಿಡುತ್ತಾರೆ, ವಾಹನದ ಹೊಗೆ ಬಿಡುತ್ತಾರೆ, ಕೆಲವರು ನೀರು ತುಂಬಿ ತೂತಿನ ಭಾಗ ಮಾತ್ರ ಮೇಲೆ ಬರುವಂತೆ ಇಟ್ಟು ಬೆಸೆಯುತ್ತಾರೆ. ಇವುಗಳಲ್ಲಿ ನೀರು ತುಂಬುವುದರ ಹಿಂದೆ ತರ್ಕವಿದೆ, ಆವಿ ನಿಲ್ಲುವ ಜಾಗವನ್ನು ಅದು ಕಿರಿದು ಮಾಡುತ್ತದೆ. ಆದರೆ ಜಾಗ ಪೂರ್ತಿ ಇಲ್ಲವಾಗುವುದಿಲ್ಲ. ಬಿಸಿಲು ಮೇಲಿನ ಆವಿಯನ್ನು ಕಳೆಯುತ್ತದೆ, ತುಕ್ಕಿನಡಿಯ ಚಮಚವನ್ನು ಕಳೆಯುವುದಿಲ್ಲ. ಪೆಟ್ರೋಲ್ ಆವಿಯಂತೂ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ತೆರೆದ ಬಾಯಿಂದ ತಾನಾಗಿ ಮೇಲೇರಿ ಹೋಗುವುದಿಲ್ಲ. ‘ಇಪ್ಪತ್ತು ವರ್ಷದಿಂದ ಮಾಡುತ್ತಿದ್ದೇವೆ, ಏನೂ ಆಗಿಲ್ಲ’ ಎನ್ನುವ ಬೆಸುಗೆಯವರ ಕೈಚಳಕವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಈ ಅಪಾಯ ಕೈಚಳಕಕ್ಕೆ ಬಗ್ಗುವಂಥದ್ದಲ್ಲ. ನೂರು ಟ್ಯಾಂಕುಗಳಲ್ಲಿ ಆವಿ ತೀರ ಕಡಿಮೆಯೋ ತೀರ ಹೆಚ್ಚೋ ಇದ್ದು ಹೊತ್ತಿಕೊಳ್ಳದೆ ಉಳಿದಿರಬಹುದು. ನೂರಾ ಒಂದನೆಯದರಲ್ಲಿ ಅದು ನಡುವಿನ ಅಳತೆಯಲ್ಲಿದ್ದರೆ ಟ್ಯಾಂಕಿನ ಮುಖಕ್ಕೆ ಮುಖ ಕೊಟ್ಟು ಕೂತವರೇ ಇರುವುದಿಲ್ಲ. ಬ್ರಿಟನ್ನಿನ ಕೆಲಸಗಾರರ ಸುರಕ್ಷತಾ ಸಂಸ್ಥೆ ಸಣ್ಣ ಟ್ಯಾಂಕು, ಪೀಪಾಯಿಗಳ ಮೇಲೆ ಬೆಂಕಿ ಕೆಲಸದ ಕುರಿತೇ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ಬೆಂಕಿ ಬೇಡದ ದಾರಿ ಇದೆಯೇ, ಟ್ಯಾಂಕನ್ನೇ ಬದಲಿಸಬಹುದೇ ಎಂದು ಮೊದಲು ಕೇಳಿಕೊಳ್ಳಿ ಎಂಬುದು ಅದರ ತಿರುಳು.

ಇದಕ್ಕೆ ಹೋಲಿಸಲು ದೂರ ಹೋಗಬೇಕಿಲ್ಲ. ಹೊಸಕೋಟೆ ತಾಲ್ಲೂಕಿನ ದೇವನಗೊಂದಿಯಲ್ಲಿ ತೈಲ ಕಂಪನಿಗಳ ದೊಡ್ಡ ಸಂಗ್ರಹಾಗಾರಗಳಿವೆ. ಮಂಗಳೂರಿನಿಂದ ಹಾಸನದ ಮೂಲಕ ಬರುವ ಕೊಳವೆ ಮಾರ್ಗ ಮುಗಿಯುವುದು ಅಲ್ಲೇ. ಅಂಥ ಕಡೆ ಒಂದು ಟ್ಯಾಂಕಿನ ಮೇಲೆ ಬೆಂಕಿ ಕೆಲಸ ಆಗಬೇಕಾದರೆ ಇಂಧನ ತೆಗೆದು, ತೊಳೆದು, ಗಾಳಿಯಾಡಿಸಿ, ಅರ್ಹರೊಬ್ಬರು ಮೀಟರಿನಿಂದ ಆವಿ ಅಳೆದು, ಲಿಖಿತ ಪ್ರಮಾಣಪತ್ರ ಕೊಡಬೇಕು. ದೊಡ್ಡ ಟ್ಯಾಂಕಿಗೆ ಈ ಕಟ್ಟಳೆ, ಅದರ ಡೀಸೆಲ್ಲೇ ಬಂದು ಸೇರುವ ಸಣ್ಣ ಟ್ಯಾಂಕಿಗೆ ಏನೂ ಇಲ್ಲ ಎಂದರೆ ನ್ಯಾಯವೇ? ಕಾನೂನು ನಮ್ಮನ್ನು ಕೇಳುವುದಿಲ್ಲ ಎಂಬ ಸಮಾಧಾನವೂ ಪೂರ್ತಿ ಸರಿಯಲ್ಲ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಡೀಸೆಲ್‌ನಂಥ ‘ಬಿ’ ವರ್ಗದ ಇಂಧನವನ್ನು ಒಂದು ಜಾಗದಲ್ಲಿ 2,500 ಲೀಟರ್ ಮೀರದಂತೆ, ಯಾವ ಒಂದು ಪಾತ್ರೆಯೂ 1,000 ಲೀಟರ್ ಮೀರದಂತೆ ಇಟ್ಟರೆ ಪರವಾನಗಿ ಬೇಡ, ನಿಜ. ಆದರೆ ಇಂಧನವಿದ್ದ ಪಾತ್ರೆಯನ್ನು ಇಂಧನವೂ ಉರಿಯುವ ಆವಿಯೂ ಇಲ್ಲದಂತೆ ಮಾಡದೆ ದುರಸ್ತಿಗೆ ಕೈಹಾಕಬಾರದೆಂದು 2002ರ ಪೆಟ್ರೋಲಿಯಂ ನಿಯಮಗಳು ಹೇಳುತ್ತವೆ. ಸಣ್ಣ ಪ್ರಮಾಣಕ್ಕೆ ಕೊಟ್ಟ ವಿನಾಯಿತಿ ಪರವಾನಗಿಯ ಕಾಗದಕ್ಕೆ, ಎಚ್ಚರಿಕೆಗೆ ಅಲ್ಲ. ಗ್ಯಾಸ್ ಕಟರಿನಿಂದ ಪೀಪಾಯಿಯನ್ನು ಎರಡು ಹೋಳು ಮಾಡಿ ಬಾನಿ, ಒಲೆ ಮಾಡುವ ಕೆಲಸಕ್ಕೂ ಇದೇ ಮಾತು. ಗ್ರೈಂಡರ್ ಆದರೂ ಕಿಡಿಗೆ ಬರವಿಲ್ಲ.

ನೀರಿನ ವಿಷಯಕ್ಕೆ ಬಂದಾಗ ನನಗೆ ಮಾತಾಡುವುದೇ ಕಷ್ಟವೆನಿಸುತ್ತದೆ. ಸಾವಿರ ಅಡಿ ಮೀರಿ ಕೊರೆದರೂ ಬೋರ್‌ವೆಲ್ ಕೈಕೊಡುವ ಊರುಗಳಲ್ಲಿ, ಟ್ಯಾಂಕರ್ ಬಂದ ದಿನ ಇದ್ದಬದ್ದ ಪಾತ್ರೆಗಳನ್ನೆಲ್ಲ ತುಂಬಿಸಿಕೊಳ್ಳುವ ಮನೆಯವರಿಗೆ, ಗಟ್ಟಿಮುಟ್ಟಾದ 200 ಲೀಟರಿನ ಪೀಪಾಯಿಯೊಂದನ್ನು ಬಳಸಬೇಡಿ ಎನ್ನುವುದು ಹಗುರವಾದ ಮಾತಲ್ಲ. ಆದರೂ ಲೆಕ್ಕ ಬೇರೆ ಏನನ್ನೂ ಹೇಳಲು ಬಿಡುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಒಂದು ಲೀಟರಿನಲ್ಲಿ ಖನಿಜ ತೈಲ 0.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ, ಅದರಲ್ಲಿ ಸಡಿಲಿಕೆ ಇಲ್ಲ. 200 ಲೀಟರಿಗೆ 100 ಮಿಲಿಗ್ರಾಂ. ಅಂದರೆ ಎರಡು ಮೂರು ಹನಿ ಡೀಸೆಲ್. ಪೀಪಾಯಿ ಸಿಡಿಯಲು ಒಂದು ಚಮಚ ಬೇಕಾದರೆ ಅದರ ನೀರು ಕೆಡಲು ಮೂರು ಹನಿ ಸಾಕು. ಯಾವ ಸೋಪು, ಬೂದಿ, ಹುಣಸೆಹುಳಿಯೂ ತುಕ್ಕಿನ ಸಂದಿಯಿಂದ ಕೊನೆಯ ಮೂರು ಹನಿಯನ್ನು ತೆಗೆದೀತು ಎಂದು ಹೇಳಲಾರೆವು. ಪ್ಲಾಸ್ಟಿಕ್ ಡ್ರಮ್ಮು, ಕ್ಯಾನುಗಳ ಸ್ಥಿತಿ ಇನ್ನೂ ಕೆಟ್ಟದ್ದು. ಡೀಸೆಲ್ ಪ್ಲಾಸ್ಟಿಕ್ಕಿನ ಮೈಯೊಳಗೇ ಇಳಿದಿರುತ್ತದೆ. ಇವತ್ತು ತೊಳೆದು ವಾಸನೆ ಹೋಯಿತು ಎಂದುಕೊಂಡರೂ ಬಿಸಿಲಿಗೆ ಕಾದ ದಿನ ನಿಧಾನವಾಗಿ ನೀರಿಗೆ ಬಿಟ್ಟುಕೊಡುತ್ತದೆ.

ಕುಡಿಯಲು ಅಲ್ಲ, ದನಗಳಿಗೆ ಎಂದು ಸಮಾಧಾನ ಹೇಳಿಕೊಳ್ಳುವವರಿದ್ದಾರೆ. ಹಾಲಿನ ಆದಾಯವೇ ಮನೆಯ ಆಧಾರವಾಗಿರುವ ಜಿಲ್ಲೆಯಲ್ಲಿ ಈ ಮಾತು ನಷ್ಟದ ವ್ಯಾಪಾರ. ಪೆಟ್ರೋಲಿಯಂ ಎಣ್ಣೆ ಹೊಟ್ಟೆಗೆ ಹೋದ ದನಗಳಲ್ಲಿ ಅದು ಶ್ವಾಸಕೋಶಕ್ಕೆ ಸೇರಿ ನ್ಯುಮೋನಿಯಾ ತರುವುದನ್ನು ಪಶುವೈದ್ಯಶಾಸ್ತ್ರ ದಾಖಲಿಸಿದೆ. ಹಾಲಿಗೆ ಹೊರಗಿನ ವಾಸನೆ ಎಷ್ಟು ಬೇಗ ಹತ್ತುತ್ತದೆಂದು ಡೇರಿಗೆ ಹಾಲು ಹಾಕುವ ಯಾರಿಗೂ ಹೇಳಿಕೊಡಬೇಕಿಲ್ಲ. ಮನೆ ಕಟ್ಟುವಾಗ ಗಾರೆಗೆ ನೀರು ಹಿಡಿದಿಡಲು ಬಳಸಿದರೆ ಅಷ್ಟು ಕೆಡುಕಿಲ್ಲ ಎಂದು ಒಪ್ಪಬಹುದು, ಆದರೆ ಕೆಲಸ ಮುಗಿದ ಮೇಲೆ ಅದೇ ಪೀಪಾಯಿ ಬಚ್ಚಲಿಗೆ ಬರುತ್ತದೆ, ಅಲ್ಲಿಂದ ಅಡುಗೆಮನೆಯ ಬಾಗಿಲಿಗೆ. ಅಷ್ಟರಲ್ಲಿ ಒಳಗೆ ಏನಿತ್ತು ಎಂಬುದು ಮನೆಯವರಿಗೇ ಮರೆತಿರುತ್ತದೆ.

ನನ್ನ ವಾದದ ವಿರುದ್ಧ ಇರುವ ಅತ್ಯಂತ ಗೌರವದ ಆಕ್ಷೇಪ ಪರಿಸರದ ಕಡೆಯಿಂದ ಬರುವಂಥದ್ದು. ವಸ್ತುಗಳನ್ನು ಮತ್ತೆ ಮತ್ತೆ ಬಳಸಿ ಎಂದು ಎಲ್ಲರೂ ಹೇಳುತ್ತಿರುವಾಗ, ಬಳಸಿ ಬಿಸಾಡುವ ಚಟವಿಲ್ಲದ ಹಳ್ಳಿಯವರಿಗೆ ಬೇಡ ಎನ್ನುವುದು ಎಷ್ಟು ಸರಿ? ನಾನು ಮರುಬಳಕೆಯನ್ನು ವಿರೋಧಿಸುತ್ತಿಲ್ಲ, ಮರುಬಳಕೆಯ ಅಳತೆಗೋಲನ್ನು ಕೇಳುತ್ತಿದ್ದೇನೆ. ಡೀಸೆಲ್ ಪೀಪಾಯಿ ಹತ್ತು ಸಲ ಡೀಸೆಲ್ ತುಂಬಿಸಿಕೊಂಡು ಬಂದರೆ ಅದು ಹತ್ತು ಸಲದ ಮರುಬಳಕೆ, ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಕೆಲಸ ಬದಲಾದ ಗಳಿಗೆಯಲ್ಲಿ ಮಾತ್ರ ಕೇಡು ಹುಟ್ಟುತ್ತದೆ. ಕಬ್ಬಿಣದ ಭಾಗ್ಯವೆಂದರೆ ಕರಗಿಸಿದಷ್ಟು ಸಲವೂ ಅದು ಹೊಸ ಕಬ್ಬಿಣವೇ. ಹಳೆಯ ಟ್ಯಾಂಕು ಸರಿಯಾದ ಕೈಗಳ ಮೂಲಕ ಕುಲುಮೆ ಸೇರಿದರೆ ಅದು ವ್ಯರ್ಥವಾಗುವುದಿಲ್ಲ. ಇನ್ನು ಖರ್ಚಿನ ಆಕ್ಷೇಪ. ತಗಡಿನ ಟ್ಯಾಂಕು ಹೊಸದು ಮಾಡಿಸಲು ಹಣ ಬೇಕು, ಮಗ್ಗದ ಕೂಲಿಯಲ್ಲಿ ಅದು ಸಣ್ಣ ಮೊತ್ತವಲ್ಲ. ಆದರೆ ತುಕ್ಕಿನ ಪುಡಿ ಒಳಗೆ ಹೋಗಿ ಡೀಸೆಲ್ ಪಂಪ್, ನಾಝಲ್ ಹಾಳಾದರೆ ಆ ರಿಪೇರಿಯ ಬಿಲ್ಲು ಟ್ಯಾಂಕಿಗಿಂತ ದೊಡ್ಡದು, ಅಷ್ಟು ದಿನ ನಿಂತ ಮಗ್ಗದ ಲೆಕ್ಕ ಬೇರೆ. ಟ್ಯಾಂಕಿಗೆ ಖರ್ಚು ಮಾಡಲಾಗದವರು ಜನರೇಟರ್ ಪಕ್ಕದಲ್ಲಿ, ಇಂಧನಕ್ಕೆಂದೇ ಮಾಡಿದ ಸಣ್ಣ ಕ್ಯಾನಿನಿಂದ ಪೈಪು ಎಳೆದು ನಡೆಸುವುದೂ ಸಾಧ್ಯ. ಹಾಯಿದೋಣಿಯವರು ಸಣ್ಣ ಟ್ಯಾಂಕುಗಳಿಗೆ ಬಂದದ್ದೂ ಇದೇ ಯೋಚನೆಯಿಂದ: ಕಡಿಮೆ ಡೀಸೆಲ್ ಇಟ್ಟರೆ ಹಳತಾಗುವುದೂ ಕಡಿಮೆ.

ಗುಜರಿಗೆ ಕೊಡುವಾಗ ಒಳಗೆ ಏನಿತ್ತು ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನು ಕತ್ತರಿಸುವ ಹುಡುಗನಿಗೆ ಅದು ಬರೀ ತಗಡು. ನಾವು ಹೇಳದಿದ್ದರೆ ಅವನಿಗೆ ತಿಳಿಯುವ ದಾರಿಯಿಲ್ಲ. 2021ರ ವಾಹನ ಗುಜರಿ ನಿಯಮಗಳು ನೋಂದಾಯಿತ ಕೇಂದ್ರಗಳಲ್ಲಿ ವಾಹನವನ್ನು ಒಡೆಯುವ ಮೊದಲು ಇಂಧನ, ಆಯಿಲ್ ತೆಗೆಯಬೇಕೆಂದು ಹೇಳುವುದು ಈ ಕಾರಣಕ್ಕೆ. ಕಾರ್ಖಾನೆಗಳಿಂದ ಬರುವ ರಾಸಾಯನಿಕದ ಖಾಲಿ ಪೀಪಾಯಿಗಳನ್ನಂತೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ತ್ಯಾಜ್ಯದ ಪಟ್ಟಿಯಲ್ಲೇ ಸೇರಿಸಿವೆ. ರಸ್ತೆ ಬದಿಯಲ್ಲಿ ಅಗ್ಗಕ್ಕೆ ಸಿಗುವ ಬಣ್ಣದ ಡ್ರಮ್ಮು ಕೊಳ್ಳುವವರು ಇದನ್ನು ನೆನಪಿಡಬೇಕು. ಅಂಥ ತ್ಯಾಜ್ಯವನ್ನು ಸಂಸ್ಕರಿಸಿ ಹೂಳುವ ಘಟಕ ನಮ್ಮ ಜಿಲ್ಲೆಯದೇ ದಾಬಸ್‌ಪೇಟೆಯಲ್ಲಿದೆ.

ಉಳಿಯುವುದು ತಳದ ಗಸಿ ಮತ್ತು ಟ್ಯಾಂಕು ತೊಳೆದ ನೀರು. ಸಾಮಾನ್ಯವಾಗಿ ಅದು ಹಿತ್ತಲಿಗೆ, ಇಲ್ಲವೇ ಚರಂಡಿಗೆ ಹೋಗುತ್ತದೆ. ನಂದಿಬೆಟ್ಟದ ಕಡೆ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರ ತಾಲ್ಲೂಕಿನ ಕೆರೆಗಳ ಸಾಲಿನ ಮೂಲಕವೇ ಹೆಸರಘಟ್ಟಕ್ಕೆ, ಅಲ್ಲಿಂದ 1933ರಲ್ಲಿ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಇಳಿಯುವ ನದಿ. ಅದರ ಜಲಾನಯನವನ್ನು ಕಾಪಾಡಲು ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿತು. ದೊಡ್ಡತುಮಕೂರು, ಮಜರಾ ಹೊಸಹಳ್ಳಿ ಕೆರೆಗಳ ನೀರು ಕೆಟ್ಟದ್ದಕ್ಕೆ ಅಲ್ಲಿನ ಜನ ವರ್ಷಗಳಿಂದ ಹೋರಾಡುತ್ತಿದ್ದಾರೆ. ಅವರು ಕೇಳುತ್ತಿರುವುದು ಕಾರ್ಖಾನೆ ಮತ್ತು ಪಟ್ಟಣದ ಕೊಳಚೆಯ ಲೆಕ್ಕ, ಆ ಹೊರೆಯ ಮುಂದೆ ಒಂದು ಮನೆಯ ಡೀಸೆಲ್ ಗಸಿ ಚಿಕ್ಕದೇ. ಆದರೂ ಅದು ಇಳಿಯುವುದು ಅದೇ ಮಣ್ಣಿಗೆ, ಅದೇ ಬೋರ್‌ವೆಲ್ಲಿನ ಮೇಲೆ. ಹಾಗಾಗಿ ಟ್ಯಾಂಕನ್ನು ಆದಷ್ಟು ನೀರಿಲ್ಲದೆ, ಬಟ್ಟೆ ಮತ್ತು ಮರದ ಹೊಟ್ಟಿನಿಂದ ಒರೆಸುವುದು ಮೇಲು. ಬಸಿದ ಗಸಿಯನ್ನು ಬಿಗಿ ಮುಚ್ಚಳದ ಕ್ಯಾನಿಗೆ ಸುರಿದು, ಒಳಗೇನಿದೆ ಎಂದು ಕ್ಯಾನಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು, ಮಕ್ಕಳ ಕೈಗೂ ಒಲೆಯ ಬಳಿಗೂ ಹೋಗದಂತೆ ನೆರಳಿನಲ್ಲಿಟ್ಟು, ಎಂಜಿನ್ ಆಯಿಲ್ ಬದಲಿಸುವ ದಿನ ಹಳೆ ಆಯಿಲಿನ ಜೊತೆಗೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಸಂಗ್ರಹಗಾರರಿಗೆ ಕೊಡಬಹುದು.